ನಗರ ಬೆಳೆದ್ರೆ ಬಿಲ್ಲು ಯಾರಿಗೆ?

ಕೇಳುಗರಿಗೆಲ್ಲ ನಮಸ್ಕಾರ. ಇವತ್ತಿನ ಮಾತು ನಗರ ಬೆಳೆಯೋದ್ರ ಬಗ್ಗೆ, ಅಂದ್ರೆ ಫ್ಲೈಓವರ್ರು ಮೆಟ್ರೋ ಬಗ್ಗೆ ಅಲ್ಲ, ಆ ಬೆಳವಣಿಗೆಯ ಬಿಲ್ಲು ಕೊನೆಗೆ ಯಾರ ತಲೆ ಮೇಲೆ ಬೀಳತ್ತೆ ಅನ್ನೋದ್ರ ಬಗ್ಗೆ.

1950ರಲ್ಲಿ ಜಗತ್ತಿನ ನೂರು ಜನರಲ್ಲಿ ಸುಮಾರು 30 ಮಂದಿ ನಗರದಲ್ಲಿದ್ರು, 2018ಕ್ಕೆ ಅದು 55 ಆಯ್ತು, 2050ಕ್ಕೆ 68 ಆಗಬಹುದು ಅಂತ ವಿಶ್ವಸಂಸ್ಥೆ ಅಂದಾಜು ಮಾಡಿತ್ತು. ಜನ ಬರೋದು ತಪ್ಪೇನಲ್ಲ ಬಿಡಿ, ಕೆಲಸ ಇದೆ, ಆಸ್ಪತ್ರೆ ಇದೆ, ಬರ್ತಾರೆ. ತೊಂದ್ರೆ ಏನಂದ್ರೆ ಮನೆಗಳು ಮೊದ್ಲು ಏಳ್ತವೆ, ಪೈಪು, ಚರಂಡಿ, ಬಸ್ಸು ಇವೆಲ್ಲ ಆಮೇಲೆ ಯಾವಾಗ್ಲೋ.

ಇದು ಹೊಸದೂ ಅಲ್ಲ. 1801ರಿಂದ 1851ರೊಳಗೆ ಲಂಡನ್ನಿನ ಜನಸಂಖ್ಯೆ ಎರಡು ಪಟ್ಟು ದಾಟ್ತು, ಕೊಳಚೆಯೆಲ್ಲ ಥೇಮ್ಸ್ ನದಿಗೇ ಹೋಗ್ತಿತ್ತು, ಕಾಲರಾಕ್ಕೆ ಸಾವಿರಾರು ಜನ ಸತ್ರು. ಆದ್ರೂ ದೊಡ್ಡ ಒಳಚರಂಡಿ ಕೆಲಸಕ್ಕೆ ಕಾನೂನು ಪಾಸಾಗಿದ್ದು 1858ರ ಬೇಸಿಗೆಯಲ್ಲಿ, ನದಿ ದಂಡೆ ಮೇಲಿದ್ದ ಪಾರ್ಲಿಮೆಂಟಿನ ಒಳಗೇ ನಾತ ಹೊಡೆದಾಗ. ಮೂಗಿಗೆ ಇರೋ ಪವರ್ ನೋಡಿ!

ಈಗಿನ ಖರ್ಚು ನಾತ ಹೊಡೆಯಲ್ಲ, ಅದೇ ಕಷ್ಟ. ಆಫೀಸು ಗುಡಿಸೋ ಒಬ್ಬ ಹೆಂಗಸನ್ನ ನೆನೆಸ್ಕೊಳಿ. ಪೇಟೆ ಮಧ್ಯೆ ಬಾಡಿಗೆ ಏರ್ತು, ಇಲ್ಲಾ ರಸ್ತೆ ಅಗಲ ಮಾಡೋಕೆ ಗುಡಿಸಲು ಕೆಡವಿದ್ರು, ಊರಾಚೆ ಒಂದು ಫ್ಲ್ಯಾಟ್ ಸಿಕ್ತು. ಫೈಲಲ್ಲಿ ಅದು ಪುನರ್ವಸತಿ. ಅವಳು ಕತ್ತಲಲ್ಲೇ ಎದ್ದು ಮೊದಲ ಬಸ್ಸು ಹಿಡಿದು, ಮಧ್ಯೆ ಇಳಿದು ಇನ್ನೊಂದು ಹತ್ತಿ ಕೆಲಸಕ್ಕೆ ಬರ್ಬೇಕು, ರಾತ್ರಿ ವಾಪಸ್ ಹೋಗೋಷ್ಟರಲ್ಲಿ ಮಕ್ಕಳು ಮಲಗಿರ್ತವೆ. ಹಳೇ ಜಾಗದಲ್ಲಿ ಪಕ್ಕದ ಮನೆ ಅಜ್ಜಿ ಮಗು ನೋಡ್ಕೊಳ್ತಿದ್ರು, ಜ್ವರ ಬಂದ್ರೆ ಯಾರೋ ಕೈಸಾಲ ಕೊಡ್ತಿದ್ರು, ಅಂಗಡಿಯವನು ಉದ್ರಿ ಬರ್ಕೊಳ್ತಿದ್ದ. ಆ ನಂಟು ಕಡಿದಿದ್ದಕ್ಕೆ ಪರಿಹಾರ ಯಾವ ಫೈಲಲ್ಲೂ ಬರಲ್ಲ. ಹಂಗಾಗಿ ಎಷ್ಟೋ ಜನ ಕೊಟ್ಟ ಫ್ಲ್ಯಾಟಿಗೆ ಬೀಗ ಹಾಕಿ ಕೆಲಸದ ಹತ್ರವೇ ಮತ್ತೆ ಶೆಡ್ ಹಾಕ್ಕೊಳ್ತಾರೆ, ಆಗ ನಾವು 'ಇವ್ರಿಗೆ ಎಷ್ಟು ಮಾಡಿದ್ರೂ ಅಷ್ಟೇ' ಅಂತೀವಿ. ನನ್ ಕೇಳಿದ್ರೆ ಅವರ ಲೆಕ್ಕವೇ ಸರಿ, ಮನೆ ಅಂದ್ರೆ ಬರೀ ಗೋಡೆ ಅಂತ ಲೆಕ್ಕ ಹಾಕಿದ್ದು ನಾವು.

ನೀರಿನ ಕಥೆಯೂ ಇದೇ. ನಲ್ಲಿ ಇರೋ ಮನೆಗಿಂತ ಟ್ಯಾಂಕರ್ ಕಾಯೋ ಬಡವರೇ ಲೀಟರಿಗೆ ಜಾಸ್ತಿ ಕೊಡೋದು, ಪ್ರಪಂಚದ ಎಷ್ಟೋ ನಗರಗಳಲ್ಲಿ ಹಿಂಗೇ. ಅದನ್ನ ವಿವರವಾಗಿ ಹೇಳೋಕೆ ಇವತ್ತು ಟೈಮಿಲ್ಲ, ನಮಸ್ಕಾರ.