ಕಚ್ಚಾ ಧಾಟಿ

ರೇಡಿಯೋ ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯವಳು. ನಮ್ಮದು ಪವರ್‌ಲೂಮ್ ಊರು. ಓಣಿಯ ಎರಡೂ ಕಡೆ ಮಗ್ಗಗಳು. ಬೆಳಗಾದರೆ ಶುರುವಾಗುವ ಖಟ್ ಖಟ್ ಸಪ್ಪಳ ನಮ್ಮ ಕಿವಿಗೆ ಎಷ್ಟು ರೂಢಿ ಅಂದರೆ, ಅದು ಇದ್ದಾಗ ಕೇಳಿಸುವುದೇ ಇಲ್ಲ, ನಿಂತಾಗಲೇ ಗೊತ್ತಾಗುವುದು. ಕರೆಂಟ್ ಹೋದರೆ ಊರಿಗೆ ಊರೇ ಗಪ್ಪಾಗುತ್ತದೆ. ನೇಕಾರರು ಹೊರಗೆ ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ನಾನು ಒಳಗೆ ಓಡುತ್ತೇನೆ. ಕಿಟಕಿಗೆ ಕೌದಿ ಇಳಿಬಿಡುತ್ತೇನೆ, ಹಾರ್ಮೋನಿಯಂ ಪೇಟಿ ಎಳೆದುಕೊಳ್ಳುತ್ತೇನೆ, ಫೋನನ್ನು ಎರಡು ಮೊಳ ದೂರ ಇಟ್ಟು ರೆಕಾರ್ಡಿಂಗ್ ಒತ್ತುತ್ತೇನೆ. ಅವರ ಲುಕ್ಸಾನಿನ ಹೊತ್ತೇ ನನ್ನ ಕೆಲಸದ ಹೊತ್ತು. ಅದು ನನ್ನ ಮನಸ್ಸಿನಲ್ಲಿ ಯಾವಾಗಲೂ ಇರುತ್ತದೆ.

ಮಕ್ಕಳಿಗೆ ಸಂಗೀತ ಹೇಳಿಕೊಡುವುದು ನನ್ನ ಉದ್ಯೋಗ. ಅದರ ಜೊತೆಗೆ ವಚನಗಳಿಗೆ, ಪದಗಳಿಗೆ ಧಾಟಿ ಹಾಕುತ್ತೇನೆ. ಕೆಲವು ಸಲ ಮಾತೇ ಇಲ್ಲದ ಪುಟ್ಟ ತುಣುಕುಗಳನ್ನೂ ಕಟ್ಟುತ್ತೇನೆ. ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ ನಿಮಿಷ. ಈಚೆಗೆ ಕೆಲವು ವರ್ಷಗಳಿಂದ ಇವನ್ನು ಆನ್‌ಲೈನ್‌ನಲ್ಲಿ ಕೇಳುಗರ ಮುಂದೆ ಇಡುತ್ತಿದ್ದೇನೆ. ಮುಗಿದ ಮೇಲೆ ಅಲ್ಲ, ಮುಗಿಯುವ ಮುಂಚೆ. ಹೆಸರಿನ ಜೊತೆಗೇ ಬರೆದಿರುತ್ತೇನೆ: ಕಚ್ಚಾ ಒಂದು, ಕಚ್ಚಾ ಎರಡು, ಕಚ್ಚಾ ಮೂರು ಅಂತ. ಹಳೆಯದನ್ನು ಅಳಿಸುವುದಿಲ್ಲ. ಒಂದರ ಪಕ್ಕ ಒಂದು ಇಟ್ಟಿರುತ್ತೇನೆ.

ಸಂಗೀತ ಬಲ್ಲವರು ಕೆಲವರು ಕೇಳುತ್ತಾರೆ, ಅರೆಬೆಂದ ಅನ್ನ ಯಾರಾದರೂ ಬಡಿಸುತ್ತಾರಾ ಅಂತ. ಅವರ ಮಾತಿನಲ್ಲಿ ಕಾಳಜಿ ಇದೆ, ನನಗೆ ಗೊತ್ತು. ಆದರೆ ನನ್ನ ಯೋಚನೆ ಬೇರೆ ಕಡೆಯಿಂದ ಬಂದದ್ದು.

ನಮ್ಮ ನೇಕಾರರ ವಚನಕಾರ ಜೇಡರ ದಾಸಿಮಯ್ಯ. ಬಸವಣ್ಣನವರಿಗಿಂತ ಮುಂಚಿನವರು. ಅವರ ಮಾತು ನಮ್ಮ ತನಕ ಬಂದಿದೆ. ಅದನ್ನು ಅವರು ಯಾವ ಧಾಟಿಯಲ್ಲಿ ಹೇಳಿದರು, ಹಾಡಿದರೋ ಸುಮ್ನೆ ಆಡಿದರೋ, ಅದು ಬರಲಿಲ್ಲ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲಶಾಹನನ್ನೇ ನೋಡಿ. 1580ರಿಂದ 1627ರವರೆಗೆ ಆಳಿದವನು. ಸಂಗೀತ ಅಂದರೆ ಪ್ರಾಣ ಬಿಡುತ್ತಿದ್ದ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. ದಖನಿ ಉರ್ದುವಿನಲ್ಲಿ ಹಾಡು ಬರೆದ, ಸರಸ್ವತಿಯನ್ನೂ ಹಾಡಿದ. ಒಂದೊಂದು ಹಾಡಿಗೂ ಯಾವ ರಾಗ ಅಂತ ಬರೆದಿದೆ. ಅಂದವಾದ ಕೈಬರಹದ ಪ್ರತಿಗಳು ಉಳಿದಿವೆ. ಆದರೆ ಸ್ವರ ಬರೆದಿಲ್ಲ. ರಾಗದ ಹೆಸರು ಇದೆ, ಧಾಟಿ ಇಲ್ಲ. ಒಬ್ಬ ಸುಲ್ತಾನನ ಧಾಟಿಯೇ ಹೀಗೆ ಹೋದ ಮೇಲೆ, ನಮ್ಮ ಓಣಿಯ ಬೀಸುವ ಕಲ್ಲಿನ ಪದ ಕಟ್ಟಿದ ತಾಯಂದಿರ ಧಾಟಿ ಎಷ್ಟು ಹೋಗಿರಬೇಡ!

ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ತಮ್ಮ ಬಂದಿಶ್‌ಗಳನ್ನು, ಅಂದರೆ ರಾಗದಲ್ಲಿ ಕಟ್ಟಿದ ಹಾಡುಗಳನ್ನು, ಸ್ವರಲಿಪಿ ಸಮೇತ 1965ರಲ್ಲಿ ಪುಸ್ತಕ ಮಾಡಿದರು. ಕ್ಷಯರೋಗದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದಾಗ ಮಧ್ಯಪ್ರದೇಶದ ದೇವಾಸದಲ್ಲಿ ಮಾಳವದ ಜನಪದ ಹಾಡುಗಳಿಗೆ ಕಿವಿ ಕೊಟ್ಟವರು ಅವರು. ಆ ಧಾಟಿಗಳಿಂದಲೇ ಹೊಸ ರಾಗ ಕಟ್ಟಿದರು. ಆ ಪುಸ್ತಕ ನಮಗೆ ದೊಡ್ಡ ಆಸ್ತಿ. ಆದರೆ ನನ್ನ ಆಸೆ ಇನ್ನೂ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಅಂಥವರು ಒಂದು ಬಂದಿಶ್ ಕಟ್ಟುವಾಗ ಮೊದಲನೆಯ ದಿನ ಏನು ಗುನುಗಿದರು, ಎಲ್ಲಿ ಬಿಟ್ಟರು, ಎಲ್ಲಿ ತಿರುಗಿಸಿದರು, ಅದನ್ನು ಕೇಳಬೇಕು ಅನ್ನಿಸುತ್ತದೆ. ಕವಿಯ ಕಚ್ಚಾ ಪ್ರತಿಯಲ್ಲಿ ಹೊಡೆದುಹಾಕಿದ ಸಾಲು ಕಾಣುತ್ತದೆ. ಧಾಟಿ ಕಟ್ಟುವವರು ಹೊಡೆದುಹಾಕಿದ ಸಾಲು ಗಾಳಿಗೆ ಹೋಗುತ್ತಿತ್ತು. ಈಗ ಹೋಗಬೇಕಾಗಿಲ್ಲ, ಅಲ್ವಾ? ಜೇಬಿನಲ್ಲೇ ಯಂತ್ರ ಇದೆ. ಹಾಗಾಗಿ ಇಟ್ಟುಕೊಳ್ಳುತ್ತೇನೆ, ಕೇಳಿಸುತ್ತೇನೆ.

ಕೇಳಿಸಿದ್ದರಿಂದ ಏನಾಯಿತು ಅಂತ ಹೇಳಿದರೆ ನನ್ನ ಮಾತು ನಿಮಗೆ ಇನ್ನೂ ಚೆನ್ನಾಗಿ ತಿಳಿದೀತು.

ದಾಸಿಮಯ್ಯನವರ ಒಂದು ವಚನಕ್ಕೆ ಧಾಟಿ ಹಾಕುತ್ತಿದ್ದೆ. ವಚನಕ್ಕೆ ಧಾಟಿ ಹಾಕುವುದು ಕೀರ್ತನೆಗೆ ಹಾಕಿದ ಹಾಗೆ ಅಲ್ಲ. ಅದರಲ್ಲಿ ಪಲ್ಲವಿ ಇರುವುದಿಲ್ಲ, ಸಾಲುಗಳ ಅಳತೆ ಸಮ ಇರುವುದಿಲ್ಲ. ಯಾವ ಸಾಲಿಗೆ ಮತ್ತೆ ಮತ್ತೆ ಮರಳಬೇಕು ಅನ್ನುವುದನ್ನು ನಾವೇ ಆರಿಸಬೇಕು. ಕೊನೆಗೆ ಅಂಕಿತ ಬರುತ್ತದೆ. ದಾಸಿಮಯ್ಯನವರದು 'ರಾಮನಾಥ'. ನಾನು ಮೊದಲನೆಯ ಕಚ್ಚಾದಲ್ಲಿ ಆ ಅಂಕಿತವನ್ನು ತಾರ ಷಡ್ಜಕ್ಕೆ ಒಯ್ದಿದ್ದೆ. ಮೇಲಿನ ಸಾ ಹಿಡಿದು ಉದ್ದಕ್ಕೆ ನಿಲ್ಲಿಸಿದ್ದೆ. ಹಾಡುವವರಿಗೆ ಅದು ಖುಷಿ ಕೊಡುವ ಜಾಗ, ಸಭೆಯಲ್ಲಾದರೆ ಚಪ್ಪಾಳೆ ಬೀಳುವ ಜಾಗ.

ಎರಡು ದಿನಕ್ಕೆ ಗುಳೇದಗುಡ್ಡದಿಂದ ಒಂದು ವಾಯ್ಸ್ ಮೆಸೇಜ್ ಬಂತು. ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವ ಮನೆಯ ಅಜ್ಜಿ. ಮೊಮ್ಮಗ ಫೋನ್ ಹಿಡಿದಿದ್ದಾನೆ, ಅಜ್ಜಿ ಮಾತಾಡುತ್ತಿದ್ದಾರೆ. "ಯವ್ವಾ, ದನಿ ಭಾಳ ಚಲೋ ಐತಿ. ಆದರ ದೇವರನ್ನ ಅಷ್ಟ ಮ್ಯಾಲ ಹೋಗಿ ಯಾಕ ಕರೀತಿ? ಅಂವ ಅಲ್ಲೆ ಮಗ್ಗದ ಕುಣ್ಯಾಗ, ಮಗ್ಗಲದಾಗ ಕುಂತಾನ."

ನಾನು ಆ ಮೆಸೇಜನ್ನು ಎಷ್ಟು ಸಲ ಕೇಳಿದೆನೋ! ಕೈಮಗ್ಗದಲ್ಲಿ ನೇಕಾರ ಕಾಲು ಇಳಿಬಿಟ್ಟು ಕುಣಿಯಲ್ಲಿ ಕೂರುತ್ತಾನೆ. ನೆಲದ ಮಟ್ಟಕ್ಕೆ ಇರುತ್ತಾನೆ. ಅವನ ದೇವರು ಇರುವುದೂ ಅಲ್ಲೇ. ಇಪ್ಪತ್ತು ವರ್ಷದಿಂದ ವಚನ ಹಾಡುತ್ತಿರುವ ನನಗೆ ಇದು ಹೊಳೆದಿರಲಿಲ್ಲ. ಮರುದಿನ ಅಂಕಿತವನ್ನು ಕೆಳಗೆ ತಂದೆ. ಮಧ್ಯ ಸಾ ಬಿಟ್ಟು ಮಂದ್ರದ ನಿಷಾದಕ್ಕೆ, ಅಲ್ಲಿಂದ ಪಂಚಮಕ್ಕೆ. ದೊಡ್ಡದಾಗಿ ಹಾಡಲು ಬಾರದ ಜಾಗ ಅದು, ಹತ್ತಿರದವರ ಜೊತೆ ಮಾತಾಡುವ ದನಿಯೇ ಬರುತ್ತದೆ. ಧಾಟಿ ಪೂರ್ತಿ ಆದ ಮೇಲೆ ಹೊರಗೆ ಬಿಟ್ಟಿದ್ದರೆ ಅಜ್ಜಿ "ಚಲೋ ಐತಿ" ಅಂತ ಹೇಳಿ ಸುಮ್ಮನಾಗುತ್ತಿದ್ದರು. ಕಚ್ಚಾ ಅಂತ ಬರೆದಿತ್ತು, ಅದಕ್ಕೇ ಮಾತಾಡಿದರು. ಆ ಎರಡಕ್ಷರ ಕೇಳುಗರಿಗೆ ಬಾಗಿಲು ತೆಗೆದ ಹಾಗೆ.

ಇನ್ನೊಂದು ತುಣುಕು ಮಗ್ಗದ ಲಯದ್ದು. ಮಾತಿಲ್ಲ, ಬರೀ ಪೇಟಿ ಮತ್ತು ಮರದ ಹಲಗೆಯ ಮೇಲೆ ಬೆರಳ ಪೆಟ್ಟು. ಒಂದು ನಿಮಿಷ ಹತ್ತು ಸೆಕೆಂಡ್. ಮಗ್ಗದ ಹಾಗೆ ಇರಲಿ ಅಂತ ನಾಲ್ಕು ಮಾತ್ರೆ, ಎಲ್ಲ ಪೆಟ್ಟೂ ಒಂದೇ ತೂಕ. ಹುಟ್ಟಿದಾಗಿನಿಂದ ಕೇಳಿದ ಸಪ್ಪಳ, ತಪ್ಪುವುದು ಹೇಗೆ ಅನ್ನುವ ಧೈರ್ಯ ನನಗೆ. ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಮಗ್ಗ ರಿಪೇರಿ ಮಾಡುವ ನಮ್ಮ ಕಡೆಯ ಜಾಬರ್ ಒಬ್ಬರು ಕೇಳಿ ಬರೆದರು: "ಅಕ್ಕಾರ, ನಿಮ್ಮ ಮಗ್ಗ ಒಂದ ಕಡೆಯಿಂದನ ಲಾಳಿ ಒಗಿಯಾಕತ್ತೈತಿ ನೋಡ್ರಿ."

ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೋಗಿ ಮಗ್ಗದ ಮುಂದೆ ನಿಂತೆ. ಕಣ್ಣು ಮುಚ್ಚಿದೆ. ಅಡ್ಡ ನೂಲನ್ನು ಒಯ್ಯುವ ಲಾಳಿ ಎಡದಿಂದ ಬಲಕ್ಕೆ ಹೋಗುತ್ತದೆ, ಬಲದಿಂದ ಎಡಕ್ಕೆ ಬರುತ್ತದೆ. ನಿಮಿಷಕ್ಕೆ 100ಕ್ಕೂ ಹೆಚ್ಚು ಸಲ. ಎಡಗಡೆಯ ಪೆಟ್ಟಿನಲ್ಲಿ ಸ್ವಲ್ಪ ಒದ್ದೆ ಮರದ ದನಿ, ಬಲಗಡೆ ಒಣ ಮರದ ದನಿ. ಎರಡರ ನಡುವೆ ಹಣಿಗೆ ಬಂದು ಎಳೆಯನ್ನು ಕೂರಿಸುವ 'ಧಪ್'. ಅಂದರೆ ಅದು ಒಂದೇ ಪೆಟ್ಟಿನ ನಾಲ್ಕು ಸಲ ಅಲ್ಲ. ಎರಡು ಬಾಯಿಯ ಮಾತುಕತೆ, ನಡುವೆ ಒಬ್ಬ ಹೂಂಗುಟ್ಟುವವನು. ಹಾಗೇ ನಿಂತಿದ್ದಾಗ ಲಾಳಿಯೊಳಗೆ ನೂಲು ಸುತ್ತಿಟ್ಟ ಕಂಡಿಕೆಯಲ್ಲಿ ನೂಲು ಮುಗಿಯಿತು. ಮಗ್ಗ ತಟ್ಟನೆ ನಿಂತಿತು. ಆ ಮನೆಯ ಸೊಸೆ ಲಾಳಿ ತೆಗೆದು, ಹೊಸ ಕಂಡಿಕೆ ಹಾಕಿ, ಮತ್ತೆ ಶುರು ಮಾಡಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದ ಕೆಲಸ.

ಆ ನಿಲುಗಡೆಯನ್ನೂ ತಂದು ಧಾಟಿಯಲ್ಲಿ ಇಟ್ಟೆ. ಕಚ್ಚಾ ಎರಡು ಕೇಳಿದವರು, ಮೇಡಂ, ನಡುವೆ ರೆಕಾರ್ಡಿಂಗ್ ಕಟ್ ಆಗಿದೆ ಅಂದರು. ಒಬ್ಬರಲ್ಲ, ಐದಾರು ಜನ. ಹಾಗಾಗಿ ಮೂರನೆಯದರಲ್ಲಿ ಪೆಟ್ಟು ನಿಂತರೂ ಶ್ರುತಿಯನ್ನು ಉಳಿಸಿದೆ. ಈಗ ಯಾರೂ ಕಟ್ ಆಗಿದೆ ಅನ್ನುವುದಿಲ್ಲ. ಕಂಡಿಕೆ ಮುಗಿಯಿತು ಅನ್ನುತ್ತಾರೆ!

ಎಲ್ಲರೂ ಹೇಳಿದ್ದನ್ನೆಲ್ಲ ನಾನು ಕೇಳುತ್ತೇನೆ ಅಂತ ಅಲ್ಲ. ಒಂದು ತುಣುಕಿಗೆ ಭೀಮಪಲಾಸ ಅಂತ ರಾಗದ ಹೆಸರು ಬರೆದಿದ್ದೆ. ವಿಜಯಪುರದ ಹಿರಿಯರೊಬ್ಬರು ಹಿಡಿದರು. ಭೀಮಪಲಾಸದಲ್ಲಿ ಏರುವಾಗ ರಿಷಭ, ಧೈವತ ಬಿಡಬೇಕು, ನೀವು ಧೈವತ ಮುಟ್ಟಿ ಏರಿದ್ದೀರಿ ಅಂದರು. ಅವರು ಹೇಳಿದ್ದು ಸರಿ. ನೂರಕ್ಕೆ ನೂರು ಸರಿ. ಆದರೆ ಆ ಧೈವತದ ಮೇಲೆ ನನಗೆ ಜೀವ. ಅದು ನಮ್ಮೂರ ಮೊಹರಂ ಪದದಿಂದ ಬಂದದ್ದು, ಅಲ್ಲಿ ಹಾಗೇ ಏರುತ್ತಾರೆ. ಎರಡು ದಿನ ಒದ್ದಾಡಿದೆ. ಕೊನೆಗೆ ರಾಗದ ಹೆಸರು ತೆಗೆದೆ, ಧೈವತ ಉಳಿಸಿಕೊಂಡೆ. ಅವರಿಗೆ ಹಾಗೆಂದೇ ಬರೆದೆ. "ಈಗ ಲೆಕ್ಕ ಸರಿಹೋಯ್ತು" ಅಂದರು.

ನನ್ನ ಹಾಗೆ ಮಾಡಬೇಕು ಅನ್ನುವವರಿಗೆ ಎರಡು ಮಾತು. ಫೋನುಗಳಲ್ಲಿ ಗದ್ದಲ ಕಡಿಮೆ ಮಾಡುವ ಏರ್ಪಾಡು ಇರುತ್ತದೆ. ಮಾತಿಗೆ ಅದು ಒಳ್ಳೆಯದು. ಆದರೆ ತಂಬೂರಿ ಒಂದೇ ಸಮ ಮೊಳಗುತ್ತದಲ್ಲ, ಅದನ್ನೂ ಅದು ಫ್ಯಾನಿನ ಸದ್ದು ಅಂತ ತಿಳಿದು ಅಳಿಸಲು ಹೋಗುತ್ತದೆ. ಶ್ರುತಿ ಅಲೆ ಅಲೆಯಾಗಿ ಮುಳುಗಿ ಏಳುತ್ತದೆ. ಅದನ್ನು ಬಂದ್ ಮಾಡಬಹುದಾದ ರೆಕಾರ್ಡಿಂಗ್ ಆ್ಯಪ್ ಹಾಕಿಕೊಳ್ಳಿ. ವೇವ್ ಫೈಲ್ ಆಗಿ, ಅಂದರೆ ಕುಗ್ಗಿಸದೆ, ಉಳಿಸಿ. ಸ್ಟೀರಿಯೋ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ, ತಿನ್ನಲಿ. ಕಳಿಸಲು ಬೇಕಾದರೆ ಆಮೇಲೆ ಕುಗ್ಗಿಸಬಹುದು, ಕುಗ್ಗಿದ್ದನ್ನು ಮತ್ತೆ ಹಿಗ್ಗಿಸಲು ಆಗುವುದಿಲ್ಲ. ಪೇಟಿ ಮಾತ್ರ ನುಡಿಸಿ ಬಿಡಬೇಡಿ, ಬಾಯಿಯಲ್ಲೂ ಹಾಡಿ. ಪೇಟಿಯ ಎರಡು ಮನೆಗಳ ನಡುವಿನ ಸ್ವರ ಪೇಟಿಯಲ್ಲಿ ಸಿಗುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ. ಆ ಕೊರತೆಗಾಗಿಯೇ ಬಾನುಲಿಯಿಂದ 1940ರಲ್ಲಿ ಪೇಟಿಯನ್ನು ಹೊರಗಿಟ್ಟಿದ್ದರು. 1971ರ ತನಕ ಅದು ಒಳಗೆ ಬರಲಿಲ್ಲ. ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬಾಳಿದ ರಾಮಭಾವು ವಿಜಾಪುರೆ ಮಾಸ್ತರರಂಥವರು ಅದೇ ಪೇಟಿಯಿಂದ ಗಂಟಲಿನ ದನಿ ತೆಗೆದು ತೋರಿಸಿದರು. ಇಂದು ಅದೇ ಪೇಟಿ ಈ ಮೈಕಿನ ಮುಂದೆ ನನ್ನ ಜೊತೆ ಕೂತಿದೆ. ನನಗೆ ಇದು ಸಣ್ಣ ಮಾತಲ್ಲ.

ಕಳ್ಳತನ ಆಗುವುದಿಲ್ಲವಾ ಅಂತ ಕೇಳುತ್ತೀರಿ. ಆಗಿದೆ. ನನ್ನ ಒಂದು ಕಚ್ಚಾ ಧಾಟಿಯನ್ನು ಯಾರದೋ ಮದುವೆ ವಿಡಿಯೋಗೆ ಹಾಗೇ ಹಾಕಿಕೊಂಡಿದ್ದರು. ಹೆಸರಿಲ್ಲ, ಕೇಳಿದ್ದಿಲ್ಲ. ನೋಡಿ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ತಾರೀಕು ಸಮೇತ ನನ್ನ ಕಚ್ಚಾ ಒಂದು, ಎರಡು, ಮೂರು ಕಳಿಸಿದೆ. ತೆಗೆದರು. ಹಳೆಯದನ್ನು ಅಳಿಸದೆ ಇಟ್ಟಿದ್ದು ಅಲ್ಲಿ ನೆರವಿಗೆ ಬಂತು. ನಮ್ಮ 1957ರ ಕಾಪಿರೈಟ್ ಕಾಯ್ದೆ ಶುರುವಿನಲ್ಲಿ, ಕಾಗದದ ಮೇಲೆ ಬರೆದಿಟ್ಟ ಸಂಗೀತವನ್ನಷ್ಟೇ ಸಂಗೀತ ಕೃತಿ ಅನ್ನುತ್ತಿತ್ತು. 1994ರ ತಿದ್ದುಪಡಿಯಲ್ಲಿ ಆ ಷರತ್ತು ಹೋಯಿತು. ನೋಂದಣಿ ಮಾಡಿಸಲೇಬೇಕು ಅಂತಲೂ ಇಲ್ಲ. ಕಟ್ಟಿದವರ ಜೀವಮಾನ, ಆಮೇಲೆ 60 ವರ್ಷ ಹಕ್ಕು ಇರುತ್ತದೆ. ಇದು ನಮಗೂ ಅನ್ವಯಿಸುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅಂದರೆ 2041 ಮುಗಿಯುವ ತನಕ ಅವರ ಕವಿತೆಗೆ ಧಾಟಿ ಹಾಕಿ ಹೊರಗೆ ಬಿಡುವ ಮುಂಚೆ ಹಕ್ಕುದಾರರನ್ನು ಕೇಳಬೇಕು. ನಮ್ಮದನ್ನು ಕದ್ದರೆ ಉರಿಯುತ್ತದೆ, ಹಾಗಿದ್ದಾಗ ಬೇರೆಯವರದನ್ನು ನಾವು ಕೇಳಿಯೇ ತಗೋಬೇಕು.

ಹೊರಗೆ ಬಿಡದೆ ಇಟ್ಟುಕೊಂಡದ್ದೂ ಒಂದಿದೆ. ಅವ್ವ ತೀರಿದ ವಾರ ಗುನುಗಿದ್ದು. ನಲವತ್ತು ಸೆಕೆಂಡ್. ಅದಕ್ಕೆ ಕಚ್ಚಾ ಅಂತಲೂ ಬರೆದಿಲ್ಲ, ಹೆಸರೂ ಇಟ್ಟಿಲ್ಲ.

ಈಗ ದಾಸಿಮಯ್ಯನವರ ವಚನದ ನಾಲ್ಕನೆಯ ಕಚ್ಚಾ ಹಾಡುತ್ತೇನೆ. ಕರಿ ಐದರ ಶ್ರುತಿ, ಪೇಟಿಯ ಐದನೆಯ ಕರಿ ಮನೆ. ಎರಡನೆಯ ಸಾಲಿನಿಂದ ಮೂರನೆಯದಕ್ಕೆ ಹೋಗುವ ದಾರಿ ನನಗೆ ಇನ್ನೂ ಸಿಕ್ಕಿಲ್ಲ. ಅಲ್ಲಿ ಮಾತು ಬಿಟ್ಟು ಬರೀ 'ಆ' ಅನ್ನುತ್ತಾ ದಾಟುತ್ತೇನೆ. ಗುಳೇದಗುಡ್ಡದ ಅಜ್ಜಿ ರೇಡಿಯೋ ಹಚ್ಚಿದ್ದಾರಂತೆ, ಮೊಮ್ಮಗ ಬೆಳಗ್ಗೆ ತಿಳಿಸಿದ. ಅಜ್ಜಿ, ರಾಮನಾಥ ಕೆಳಗೇ ಇದ್ದಾನೆ, ಕೇಳಿ.