ಉಪ್ಪುಗಾಳಿಯ ಊರಿನಲ್ಲಿ ಗೇಟು, ಗ್ರಿಲ್ಲು ಮತ್ತು ತುಕ್ಕು

ಕ್ಯಾಮೆರಾ ಮೇಲಿನಿಂದ ನಿಧಾನಕ್ಕೆ ಕೆಳಗೆ ಇಳಿಯುತ್ತದೆ, ನೋಡುತ್ತಾ ಇರಿ. ಇದು ನಮ್ಮ ಮನೆಯ ಗೇಟು. ಮೇಲಿನ ಅರ್ಧಕ್ಕೆ ಏನೂ ಆಗಿಲ್ಲ, ಬಣ್ಣ ಸ್ವಲ್ಪ ಮಾಸಿದೆ ಅಷ್ಟೇ. ಮೊಣಕಾಲಿನ ಮಟ್ಟಕ್ಕೆ ಬಂದಾಗ ಅಲ್ಲಲ್ಲಿ ಗುಳ್ಳೆ ಎದ್ದಿದೆ. ಇನ್ನು ಕೆಳಗಿನ ಅಡ್ಡಪಟ್ಟಿ ನೋಡಿ, ಉಗುರಿನಲ್ಲಿ ಕೆರೆದರೂ ಪದರ ಪದರವಾಗಿ ಉದುರುತ್ತದೆ. ಒಂದೇ ಗೇಟು, ಒಂದೇ ಡಬ್ಬಿಯ ಬಣ್ಣ, ಒಂದೇ ದಿನ ಬಳಿದದ್ದು.

ಈಗ ಈ ಕಡೆ ಬನ್ನಿ. ಇದು ಮಾಡಿನ ಅಡಿಯಲ್ಲಿರುವ ಕಿಟಕಿಯ ಗ್ರಿಲ್. ಇದಕ್ಕೆ ಮಳೆಯ ಹನಿ ತಾಗುವುದೇ ಕಮ್ಮಿ. ಅಂಗಳದ ನಡುವೆ ಬಟ್ಟೆ ಒಣಗಿಸುವ ಕಬ್ಬಿಣದ ಕಂಬ ಇದೆಯಲ್ಲ, ಅದು ನಾಲ್ಕು ತಿಂಗಳೂ ನೆನೆಯುತ್ತದೆ. ಆದರೆ ತುಕ್ಕು ಜಾಸ್ತಿ ಇರುವುದು ಗ್ರಿಲ್ಲಿನಲ್ಲಿ! ವಿಚಿತ್ರ ಅಲ್ವಾ? ತುಕ್ಕಿನ ವಿಷಯದಲ್ಲಿ ಎಲ್ಲರೂ ಮೊದಲು ಕೇಳುವುದು ಯಾವ ಪೇಂಟ್ ಒಳ್ಳೆಯದು ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ನೀರು ಎಲ್ಲಿ ನಿಲ್ಲುತ್ತದೆ, ಉಪ್ಪು ಎಲ್ಲಿ ಕೂರುತ್ತದೆ ಅನ್ನುವುದು ಮೊದಲನೇ ಪ್ರಶ್ನೆ.

ನಾವಿರುವುದು ಉಡುಪಿ ಜಿಲ್ಲೆಯ ಕಾಪು ಕಡೆ, ಕಡಲಿಗೆ ನಡೆದುಕೊಂಡೇ ಹೋಗಬಹುದಾದಷ್ಟು ಹತ್ತಿರ. ಅಲೆ ಒಡೆದಾಗ ಹಾರುವ ಸಣ್ಣ ಸಣ್ಣ ಉಪ್ಪಿನ ಕಣಗಳು ಗಾಳಿಯಲ್ಲಿ ತೇಲಿಕೊಂಡು ಬಂದು ಸಿಕ್ಕಿದ್ದಕ್ಕೆಲ್ಲ ಅಂಟುತ್ತವೆ. ದಡದಿಂದ ಮೊದಲ ಕೆಲವು ನೂರು ಮೀಟರಿನಲ್ಲಿ ಇದು ಬಹಳ ಜಾಸ್ತಿ, ಆಮೇಲೆ ಬೇಗ ಕಮ್ಮಿಯಾಗುತ್ತದೆ. ತುಕ್ಕು ಹಿಡಿಯಲು ಕಬ್ಬಿಣಕ್ಕೆ ಗಾಳಿಯ ಆಮ್ಲಜನಕ ಬೇಕು, ನೀರು ಬೇಕು. ಉಪ್ಪು ಸೇರಿದರೆ ಆ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿದು ಕೆಲಸ ಜೋರಾಗುತ್ತದೆ. ಇದು ಶಾಲೆಯಲ್ಲಿ ಓದಿದ್ದೇ. ಆದರೆ ಶಾಲೆಯಲ್ಲಿ ಹೇಳದ ಇನ್ನೊಂದು ವಿಷಯ ಇದೆ. ಉಪ್ಪು ತಾನೇ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಅಡಿಗೆ ಉಪ್ಪು ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಸಾಕು, ಕರಗಿ ನೀರಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ, ಅದಕ್ಕೆ 33 ಶೇಕಡಾ ಆಸುಪಾಸು ಇದ್ದರೂ ಸಾಕು. ಅಂದರೆ ಕರಾವಳಿಯಲ್ಲಿ ಜನವರಿಯ ಬಿಸಿಲಲ್ಲೂ ನಿಮ್ಮ ಗ್ರಿಲ್ಲಿನ ಮೇಲೆ ಕಣ್ಣಿಗೆ ಕಾಣದ ತೆಳು ಪದರದ ಉಪ್ಪುನೀರು ಇರಬಹುದು.

ಅಂಗಳದ ಕಂಬಕ್ಕೆ ಕೂತ ಉಪ್ಪನ್ನು ಮಳೆಗಾಲ ತೊಳೆದು ಬಿಡುತ್ತದೆ. ಮಾಡಿನ ಅಡಿಯ ಗ್ರಿಲ್ಲನ್ನು ಯಾರು ತೊಳೆಯಬೇಕು? ನಾವೇ ತೊಳೆಯಬೇಕು. ಹಾಗಾಗಿ ಕಡಲಿನ ಹತ್ತಿರ ಇರುವವರಿಗೆ ನಾನು ಹೇಳುವ ಮೊದಲ ಕೆಲಸಕ್ಕೆ ದುಡ್ಡೇ ಬೇಡ. ಮಳೆ ನಿಂತ ಮೇಲೆ, ನವೆಂಬರಿನಿಂದ ಮೇ ತನಕ, ಗಿಡಕ್ಕೆ ನೀರು ಬಿಡುವಾಗ ಆಗಾಗ ಪೈಪನ್ನು ಗ್ರಿಲ್ಲಿನ ಕಡೆಗೂ ತಿರುಗಿಸಿ. ಬಾವಿಯ ಸಿಹಿನೀರು ಸಾಕು, ಸೋಪು ಗೀಪು ಬೇಡ. ಬಾವಿನೀರೇ ಉಪ್ಪಾಗಿದ್ದರೆ ಮಾತ್ರ ಇದು ಬೇಡ, ಆಗ ಕುಡಿಯುವ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ. ಬೆಳಗ್ಗೆ ಮಾಡಿದರೆ ಬಿಸಿಲಿಗೆ ಆರುತ್ತದೆ.

ಸರಿ, ಗೇಟಿಗೆ ವಾಪಸ್ ಬರೋಣ. ಈ ಕ್ಲೋಸಪ್ ನೋಡಿ. ಕೆಳಗಿನ ಪಟ್ಟಿಗೆ ಎಲ್ ಆಕಾರದ ಆಂಗಲ್ ಹಾಕಿದ್ದಾರೆ, ಅದೂ ಬಾಯಿ ಮೇಲಕ್ಕೆ ಮಾಡಿ. ಮಳೆನೀರು, ಹಲಸಿನ ಎಲೆ, ಮಣ್ಣು ಎಲ್ಲಾ ಅದರಲ್ಲೇ ಕೂರುತ್ತದೆ, ದಿನಗಟ್ಟಲೆ ಆರುವುದಿಲ್ಲ. ಅದೇ ಆಂಗಲನ್ನು ಮಗುಚಿ ಹಾಕಿದ್ದರೆ ನೀರು ಜಾರಿ ಹೋಗುತ್ತಿತ್ತು. ಖರ್ಚು ಒಂದೇ, ಕಬ್ಬಿಣವೂ ಒಂದೇ. ಹೊಸ ಗೇಟು ಮಾಡಿಸುವವರು ಡಿಸೈನಿನ ಹೂವು ಬಳ್ಳಿ ನೋಡುವ ಮೊದಲು ಇದನ್ನು ನೋಡಿ. ಎಲ್ಲೆಲ್ಲಿ ನೀರು ನಿಲ್ಲಬಹುದು ಅಂತ ವೆಲ್ಡಿಂಗ್ ಅಂಗಡಿಯಲ್ಲೇ ಒಂದು ಚೊಂಬು ನೀರು ಸುರಿದು ನೋಡಿದರೂ ತಪ್ಪಿಲ್ಲ, ಅವರು ನಗಬಹುದು, ನಗಲಿ.

ಟೊಳ್ಳು ಚೌಕ ಪೈಪಿನ ಗೇಟುಗಳಿಗೆ ಇನ್ನೊಂದು ರೋಗ. ಹೊರಗೆ ಬಣ್ಣ ಫಳಫಳ, ಒಳಗಿನಿಂದ ತಿಂದುಕೊಂಡು ಬಂದಿರುತ್ತದೆ. ವೆಲ್ಡಿಂಗಿನಲ್ಲಿ ಸೂಜಿ ಹೋಗುವಷ್ಟು ಸಂದು ಉಳಿದರೂ ಮಳೆನೀರು ಒಳಗೆ ಇಳಿಯುತ್ತದೆ. ಅದು ಹೊರಬರಲು ದಾರಿ ಇಲ್ಲ. ಪೈಪನ್ನು ಎಲ್ಲಾ ಕಡೆ ಪೂರ್ತಿ ಮುಚ್ಚಿ ವೆಲ್ಡ್ ಮಾಡಬೇಕು, ಆಗದಿದ್ದರೆ ಕೆಳಗಿನ ಪೈಪಿಗೆ ಅಡಿಯಿಂದ ಸಣ್ಣ ತೂತು ಕೊರೆದು ನೀರಿಗೆ ದಾರಿ ಕೊಡಬೇಕು. ಅರ್ಧಂಬರ್ಧ ಮುಚ್ಚಿದ್ದೇ ಎಲ್ಲಕ್ಕಿಂತ ಕೆಟ್ಟದ್ದು. ಸಣ್ಣ ಸುತ್ತಿಗೆಯಲ್ಲಿ ಪೈಪಿನುದ್ದಕ್ಕೂ ತಟ್ಟಿಕೊಂಡು ಹೋಗಿ, ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಹೋಗಿರುವಲ್ಲಿ ಡಬ್ ಅನ್ನುತ್ತದೆ. ಈ ಆಡಿಯೋ ಕೇಳಿ... ಗೊತ್ತಾಯಿತಾ?

ಗೇಟಿನ ಬುಡ ಹೋಗುವುದಕ್ಕೆ ಇನ್ನೊಂದು ಕಾರಣ ನಾಯಿಗಳು. ನಗಬೇಡಿ. ಊರಿನ ನಾಯಿಗಳೆಲ್ಲ ಒಂದೇ ಮೂಲೆಗೆ ಬಂದು ಕಾಲೆತ್ತಿದರೆ ಅಲ್ಲಿ ಉಪ್ಪು ಸೇರುತ್ತದೆ, ತೇವ ಆರುವುದಿಲ್ಲ. ಮನುಷ್ಯರೇನೂ ಕಮ್ಮಿ ಇಲ್ಲ ಬಿಡಿ. ಕೋಲ್ಕತ್ತದಲ್ಲಿ 1943ರಿಂದ ನಿಂತಿರುವ ಹೌರಾ ಸೇತುವೆಯ ಹ್ಯಾಂಗರುಗಳ, ಅಂದರೆ ರಸ್ತೆಯನ್ನು ಮೇಲಿನಿಂದ ಹಿಡಿದಿರುವ ಉಕ್ಕಿನ ಕಂಬಗಳ, ಬುಡವನ್ನು ಪಾನ್, ಗುಟ್ಕಾದ ಉಗುಳು ತಿಂದು ಹಾಕಿತು ಅಂತ ಅವಕ್ಕೆ ಫೈಬರ್ ಗ್ಲಾಸ್ ಹೊದಿಕೆ ಹಾಕಬೇಕಾಯಿತು.

ಈಗ ಕೆರೆಯುವ ಕೆಲಸ. ಈ ಭಾಗವನ್ನು ಫಾಸ್ಟ್ ಫಾರ್ವರ್ಡ್ ಮಾಡಿದ್ದೇನೆ, ಯಾಕೆಂದರೆ ನೋಡಲು ಬೋರು. ಆದರೆ ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹೋಗಬೇಕಾದದ್ದು ಇಲ್ಲೇ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮೀರಿ ಜಾಗ ತೆಗೆದುಕೊಳ್ಳುತ್ತದೆ. ಅದರ ಮೇಲೆ ಎಷ್ಟು ದುಬಾರಿ ಪೇಂಟ್ ಬಳಿದರೂ ಅಡಿಯಿಂದ ಎತ್ತಿ ಬಿಸಾಡುತ್ತದೆ. ಕಂಬಕ್ಕೆ ಹುಗಿದ ಕೀಲಿನ ಸುತ್ತ ಸಿಮೆಂಟು ಬಿರುಕು ಬಿಟ್ಟಿರುವುದೂ ಇದರಿಂದಲೇ, ನೋಡಿ. ಮೊದಲು ಚೂಪು ಪಟ್ಟಿಯಲ್ಲಿ ಪದರ ಕೆರೆದು ತೆಗೆಯಿರಿ. ಆಮೇಲೆ ವೈರ್ ಬ್ರಷ್. ಗ್ರೈಂಡರಿಗೆ ವೈರ್ ಕಪ್ ಹಾಕಿದರೆ ಬೇಗ ಆಗುತ್ತದೆ, ಆದರೆ ತಂತಿ ಮುರಿದು ಹಾರುತ್ತದೆ, ಕಣ್ಣಿಗೆ ಕನ್ನಡಕ ಇಲ್ಲದೆ ಸ್ವಿಚ್ ಮುಟ್ಟಬೇಡಿ. ಕೊನೆಗೆ 80 ನಂಬರಿನ ಎಮರಿ ಕಾಗದ, ಸುತ್ತಲಿನ ಹಳೇ ಬಣ್ಣದ ಅಂಚಿಗೆ 120.

ಹಳೇ ಬಣ್ಣ ಅಂದಾಗ ಒಂದು ಮಾತು. ಭಾರತದಲ್ಲಿ ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ, ದಾಟಬಾರದು ಅನ್ನುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಿಂದ. ಅದಕ್ಕಿಂತ ಹಳೆಯ ಎನಾಮೆಲ್ ಆಗಿದ್ದರೆ ಸೀಸ ಇರಬಹುದು ಅಂತಲೇ ಅಂದುಕೊಂಡು ಕೆಲಸ ಮಾಡಿ. ಒಣಗಿದ್ದನ್ನು ಉಜ್ಜಿ ಧೂಳು ಎಬ್ಬಿಸಬೇಡಿ, ನೀರು ಹಚ್ಚಿಕೊಂಡು ಕೈಯಲ್ಲೇ ಉಜ್ಜಿ. ಸರಿಯಾದ ಮಾಸ್ಕ್ ಹಾಕಿ. ಅಡಿಗೆ ಒಂದು ಪ್ಲಾಸ್ಟಿಕ್ ಹಾಸಿ ಚೂರುಗಳನ್ನು ಒಟ್ಟು ಮಾಡಿ. ಮಕ್ಕಳನ್ನು ಅಜ್ಜಿಮನೆಗೆ ಕಳಿಸಿ.

ಕೆರೆದ ಮೇಲೆ ನಮ್ಮೂರಿನ ಪೇಂಟರುಗಳು ನೇರ ಪ್ರೈಮರಿಗೆ, ಅಂದರೆ ಅಡಿಬಣ್ಣಕ್ಕೆ, ಹೋಗುತ್ತಾರೆ. ನಿಲ್ಲಿಸಿ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕೆರೆದ ಕಬ್ಬಿಣಕ್ಕೆ ನೀರಾ ಅಂತ ಹುಬ್ಬೇರಿಸುತ್ತಾರೆ, ಆದರೆ ತುಕ್ಕಿನ ಗುಂಡಿಗಳಲ್ಲಿ ಉಪ್ಪು ಉಳಿದುಕೊಂಡರೆ ಅದು ಬಣ್ಣದ ಮೂಲಕವೂ ತೇವ ಎಳೆದು ಗುಳ್ಳೆ ಎಬ್ಬಿಸುತ್ತದೆ. ತೊಳೆದು, ಒರೆಸಿ, ಬಿಸಿಲಿಗೆ ಆರಿಸಿ, ಮತ್ತೊಮ್ಮೆ ಎಮರಿ ಎಳೆದು, ಅದೇ ದಿನ ಪ್ರೈಮರ್ ಹೊಡೆಯಿರಿ.

ಗುಂಡಿಯ ಒಳಗಿನ ತುಕ್ಕು ಪೂರ್ತಿ ಬರುವುದಿಲ್ಲ. ಅಲ್ಲಿಗೆ ರಸ್ಟ್ ಕನ್ವರ್ಟರ್. ಇದರಲ್ಲಿ ಸಾಮಾನ್ಯವಾಗಿ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ ಇರುತ್ತದೆ. ಹಚ್ಚಿದ ಸ್ವಲ್ಪ ಹೊತ್ತಿಗೆ ಕೆಂಪು ಹೋಗಿ ಕಪ್ಪಾಗುತ್ತದೆ. ಮೆಟ್ಟುಕತ್ತಿಯಲ್ಲಿ ಬಾಳೆಕಾಯಿ ಹೆಚ್ಚಿದರೆ ಕತ್ತಿ ಕಪ್ಪಾಗುತ್ತದಲ್ಲ, ಟ್ಯಾನಿಕ್ ಆಮ್ಲದ ಕೆಲಸವೂ ಹಾಗೆಯೇ, ಚೊಗರು ಕಬ್ಬಿಣದ ಜೊತೆ ಸೇರುವುದು. ಆದರೆ ಉದುರುವ ತುಕ್ಕಿನ ಮೇಲೆ ಇದನ್ನು ಸುಮ್ನೆ ಬಳಿದರೆ ಉಪಯೋಗ ಇಲ್ಲ, ಮೇಲಿನ ಪದರ ಮಾತ್ರ ಕಪ್ಪಾಗಿ ಅಡಿಯಲ್ಲಿ ಹಳೇ ಕಥೆ ಮುಂದುವರಿಯುತ್ತದೆ. ಕೆರೆಯುವ ಕೆಲಸ ಉಳಿಸುವ ಔಷಧಿ ಇದಲ್ಲ.

ಇನ್ನು ಪ್ರೈಮರ್. ವೆಲ್ಡಿಂಗ್ ಅಂಗಡಿಯಿಂದ ಕೆಂಪಗೆ ಬರುವ ಗೇಟಿಗೆ ರೆಡ್ ಆಕ್ಸೈಡ್ ಆಗಿದೆ ಅಂತ ನಾವು ನಿಶ್ಚಿಂತೆಯಿಂದ ಇರುತ್ತೇವೆ. ಅದು ಎಷ್ಟೋ ಸಲ ಎಣ್ಣೆ ಜಿಡ್ಡು, ವೆಲ್ಡಿಂಗಿನ ಕಿಟ್ಟ, ಹೊಸ ಕಬ್ಬಿಣದ ನೀಲಿ ಬೂದು ಪೊರೆ ಎಲ್ಲದರ ಮೇಲೆಯೇ ಹೊಡೆದ ತೆಳು ಬಣ್ಣ. ಆ ಪೊರೆಗೆ ಮಿಲ್ ಸ್ಕೇಲ್ ಅನ್ನುತ್ತಾರೆ, ಅದು ಕಳಚಿದಾಗ ಮೇಲಿನ ಬಣ್ಣವೂ ಜೊತೆಗೇ ಹೋಗುತ್ತದೆ. ಮತ್ತೆ, ರೆಡ್ ಆಕ್ಸೈಡ್ ಒಂದೇ ಬಳಿದು ಮಳೆಗಾಲ ಕಳೆಯಲಿ, ದೀಪಾವಳಿಗೆ ಫಿನಿಶಿಂಗ್ ಅನ್ನುವವರ ಮಾತು ಕೇಳಲೇಬೇಡಿ. ಪ್ರೈಮರಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ನೀರು ಒಳಗೆ ಹೋಗುತ್ತದೆ. ಮೇಲಿನ ಬಣ್ಣ ಬಿದ್ದರೆ ಮಾತ್ರ ಅದಕ್ಕೆ ಬೆಲೆ. ಕಡಲಿನ ಹತ್ತಿರ ಇದ್ದು, ಕೈಯಲ್ಲಿ ಸ್ವಲ್ಪ ದುಡ್ಡು ಇದ್ದರೆ ಜಿಂಕ್ ಫಾಸ್ಫೇಟ್ ಇರುವ ಎಪಾಕ್ಸಿ ಪ್ರೈಮರ್ ತೆಗೆದುಕೊಳ್ಳಿ, ನಾನು ಈ ಸಲ ಅದನ್ನೇ ಹಾಕಿದ್ದೇನೆ. ಎರಡು ಡಬ್ಬಿ ಬೆರೆಸಬೇಕು, ಬೆರೆಸಿದ್ದನ್ನು ನಾಳೆಗೆ ಇಡಲು ಆಗುವುದಿಲ್ಲ. ಎಪಾಕ್ಸಿ ಬಿಸಿಲಿಗೆ ಮೇಲಿನಿಂದ ಪುಡಿಯಾಗುತ್ತದೆ, ಅದಕ್ಕೆ ಮೇಲೆ ಪಾಲಿಯುರೆಥೇನ್ ಬಣ್ಣ ಬೇಕು.

ಬಣ್ಣ ಬಳಿಯುವಾಗ ಒಂದು ಸಣ್ಣ ಉಪಾಯ. ಚೂಪು ಅಂಚಿನಲ್ಲಿ, ವೆಲ್ಡಿಂಗ್ ಗಂಟಿನಲ್ಲಿ ಬಣ್ಣ ತಾನಾಗಿಯೇ ತೆಳುವಾಗುತ್ತದೆ, ಆಚೀಚೆ ಸರಿದು ಹೋಗುತ್ತದೆ. ತುಕ್ಕು ಶುರುವಾಗುವುದೂ ಅಲ್ಲೇ. ಅದಕ್ಕೆ ಮೊದಲು ಸಣ್ಣ ಬ್ರಷ್‌ನಲ್ಲಿ ಅಂಚು, ಮೂಲೆ, ಗಂಟುಗಳಿಗೆ ಮಾತ್ರ ಒಂದು ಕೈ ಬಳಿದು, ಒಣಗಿದ ಮೇಲೆ ಪೂರ್ತಿ ಗೇಟಿಗೆ ಬಳಿಯಿರಿ. ಗೇಟಿನ ಅಡಿಭಾಗ ಮರೆಯಬೇಡಿ, ಅಡಿಗೆ ಕನ್ನಡಿ ಇಟ್ಟು ನೋಡಿ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ. ಕಬ್ಬಿಣ ಕೈ ಸುಡುವಷ್ಟು ಕಾದಾಗ ಬೇಡ, ಬಣ್ಣ ಬೇಗ ಒಣಗಿ ಗುಳ್ಳೆ ಬರುತ್ತದೆ. ಗಾಳಿಯ ತೇವಾಂಶ 85 ಶೇಕಡಾ ಮೀರಿದ ದಿನ ಬ್ರಷ್ ತೊಳೆದು ಇಡಿ. ನಮ್ಮ ಕಡೆ ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮಳೆಗಾಲ ಹತ್ತಿರ ಬಂತು ಅಂತ ಅರ್ಥ. ಪೇಂಟಿಂಗ್ ಅದಕ್ಕಿಂತ ಸಾಕಷ್ಟು ಮೊದಲೇ ಮುಗಿದು, ಬಣ್ಣ ಪೂರ್ತಿ ಗಟ್ಟಿಯಾಗಿರಬೇಕು.

ಇಷ್ಟೆಲ್ಲ ಯಾಕೆ, ಸ್ಟೇನ್‌ಲೆಸ್ ಸ್ಟೀಲ್ ಗೇಟೇ ಹಾಕಬಹುದಲ್ಲ ಅನ್ನುತ್ತೀರಿ. ಹಾಕಬಹುದು, ಆದರೆ ಗ್ರೇಡ್ ಕೇಳಿ. ಅಗ್ಗಕ್ಕೆ ಸಿಗುವ 202 ಗ್ರೇಡ್ ಕಡಲ ಗಾಳಿಗೆ ಬೇಗ ಕಂದು ಚುಕ್ಕೆ ಹಿಡಿಯುತ್ತದೆ. 304 ಅದಕ್ಕಿಂತ ವಾಸಿ, ಅದಕ್ಕೂ ಟೀ ಚೆಲ್ಲಿದಂಥ ಕಲೆ ಬರುತ್ತದೆ. 316ರಲ್ಲಿ ಮಾಲಿಬ್ಡಿನಂ ಇದೆ, ಉಪ್ಪನ್ನು ತಡೆಯುವುದು ಅದು, ಬೆಲೆಯೂ ಹಾಗೇ ಇದೆ. ತೊಳೆಯುವುದು ಮೂರಕ್ಕೂ ತಪ್ಪಿದ್ದಲ್ಲ. ನನ್ನನ್ನು ಕೇಳಿದರೆ ಗೇಟಿಗೆ ಸ್ಟೀಲಿಗಿಂತ ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಲೇಸು. ಮಾಡಿ ಮುಗಿಸಿದ ಗೇಟನ್ನು ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಮುಳುಗಿಸುತ್ತಾರೆ. ಗೀರು ಬಿದ್ದರೂ ಮೊದಲು ಸತು ಸವೆಯುತ್ತದೆ, ಕಬ್ಬಿಣ ಉಳಿಯುತ್ತದೆ. ಪೈಪಿನ ಒಳಗೂ ಸತು ಹೋಗುತ್ತದೆ, ಅದಕ್ಕೆ ತೂತು ಬಿಟ್ಟಿರಲೇಬೇಕು, ಮುಚ್ಚಿದ ಪೈಪು ಆ ಬಿಸಿಗೆ ಒಡೆಯಬಹುದು. ಮೊದಲೇ ಸತು ಹಾಕಿದ ಜಿಐ ಪೈಪು ತಂದು ವೆಲ್ಡ್ ಮಾಡಿಸಿದರೆ ಗಂಟಿನಲ್ಲಿ ಸತು ಸುಟ್ಟು ಹೋಗುತ್ತದೆ, ಅಲ್ಲಿಗೆ ಜಿಂಕ್ ರಿಚ್ ಪೇಂಟ್ ಬೇಕು. ಇನ್ನೊಂದು, ಹೊಸ ಜಿಐ ಮೇಲೆ ಮಾಮೂಲಿ ಎನಾಮೆಲ್ ನೇರವಾಗಿ ಹಚ್ಚಬೇಡಿ, ಎಣ್ಣೆಯ ಬಣ್ಣ ಸತುವಿನ ಜೊತೆ ಸೇರಿ ಸಾಬೂನಿನಂಥ ಪದರವಾಗಿ ಸುಲಿದು ಬರುತ್ತದೆ. ಎಚ್ (etch) ಪ್ರೈಮರ್, ಅಂದರೆ ಸತುವಿಗೆ ಕಚ್ಚಿ ಹಿಡಿಯುವ ಅಡಿಬಣ್ಣ, ಮೊದಲು ಹಾಕಿ.

ದೆಹಲಿಯ ಕಬ್ಬಿಣದ ಕಂಬ 1600 ವರ್ಷದಿಂದ ನಿಂತಿದೆಯಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮ ಕೊಡಚಾದ್ರಿಯ ಮೇಲೂ ಮೂಲ ಮೂಕಾಂಬಿಕೆ ಗುಡಿಯ ಹತ್ತಿರ ಒಂದು ಹಳೇ ಕಬ್ಬಿಣದ ಕಂಬ ಇದೆ. ದೆಹಲಿಯ ಕಂಬವನ್ನು ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. ಆ ಕಬ್ಬಿಣದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಅದರಿಂದ ಮೇಲೆ ಒಂದು ಕಾಪಾಡುವ ಪೊರೆ ಬೆಳೆದಿದೆ. ಇಂದಿನ ಉಕ್ಕಿನಲ್ಲಿ ರಂಜಕವನ್ನು ಬೇಕೆಂದೇ ಕಮ್ಮಿ ಮಾಡುತ್ತಾರೆ, ಜಾಸ್ತಿಯಾದರೆ ಉಕ್ಕು ಪೆಡಸಾಗಿ ಒಡೆಯುತ್ತದೆ. ಹಾಗಾಗಿ ಆ ಕಂಬದ ಜೊತೆ ನಮ್ಮ ಗೇಟಿನ ಪೈಪೋಟಿ ಬೇಡ.

ಕೀಲು, ಚಿಲಕಗಳಿಗೆ ಗ್ರೀಸು ಹಾಕಿ. ಸ್ಪ್ರೇ ಹೊಡೆದರೆ ಕಿರ್ ಅನ್ನುವ ಸದ್ದು ನಿಲ್ಲುತ್ತದೆ, ಆದರೆ ಆ ತೆಳು ಎಣ್ಣೆ ನಮ್ಮ ಆಷಾಢದ ಮಳೆಗೆ ಎಲ್ಲಿ ಉಳಿಯಬೇಕು.

ಕೊನೆಗೆ ಈ ಕೆಳಗಿನ ಪಟ್ಟಿ. ಸುತ್ತಿಗೆ ತಟ್ಟಿದಾಗ ತೂತೇ ಬಿತ್ತು, ನೋಡಿ. ಇಂಥದ್ದಕ್ಕೆ ಪುಟ್ಟಿ ಮೆತ್ತಿ ಬಣ್ಣ ಹಚ್ಚುವುದು ಸುಮ್ನೆ ದುಡ್ಡು ದಂಡ. ವೆಲ್ಡರ್ ಬಂದು ಒಳ್ಳೆ ಕಬ್ಬಿಣ ಸಿಗುವ ತನಕ ಕತ್ತರಿಸಿ, ಹೊಸ ಆಂಗಲನ್ನು ಈ ಸಲ ಬಾಯಿ ಕೆಳಗೆ ಮಾಡಿ ಕೂರಿಸಿದ್ದಾರೆ. ನೆಲದಿಂದ ನಾಲ್ಕು ಬೆರಳು ಮೇಲಕ್ಕೂ ಎತ್ತಿಸಿದ್ದೇನೆ, ಮಳೆನೀರು ಅಂಗಳದಲ್ಲಿ ಹರಿಯುವಾಗ ತಾಗದ ಹಾಗೆ. ಹಾವು ಬರುತ್ತದೆ ಅಂತ ಅಮ್ಮನ ತಕರಾರು ಇದೆ. ಅದಕ್ಕೆ ಅಡಿಯಲ್ಲಿ ಒಂದು ರಬ್ಬರ್ ಪಟ್ಟಿ ಕಟ್ಟುವ ಯೋಚನೆ ಇದೆ, ಆದರೆ ಪಟ್ಟಿ ಮತ್ತು ಕಬ್ಬಿಣದ ನಡುವೆ ನೀರು ಸಿಕ್ಕಿಕೊಳ್ಳದ ಹಾಗೆ ಅದನ್ನು ಹೇಗೆ ಕೂರಿಸುವುದು ಅಂತ ನಾನೂ ವೆಲ್ಡರೂ ಇನ್ನೂ ಜಗಳ ಆಡುತ್ತಿದ್ದೇವೆ.