ಸೋರುವ ಕೊಡ ಹೊತ್ತು 400 ಮೀಟರ್

ಕೇಳುಗರಿಗೆಲ್ಲ ನಮಸ್ಕಾರ. ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಓಟ ಕಲಿಸುವವನಿಗೆ ಹತ್ತು ನಿಮಿಷ ಜಾಸ್ತಿಯೇ ಆಯಿತು. ನಾನು ಹೇಳಹೊರಟಿರುವ ಓಟ ಐವತ್ತು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ.

ಇವತ್ತಿನ ಮಾತು ಬ್ರಿಟನ್ನಿನ ಓಟಗಾರ್ತಿ ಕ್ರಿಸ್ಟೀನ್ ಒಹುರೂಗು ಅವರದ್ದು. ಹೆಸರಿಗೆ ನಾಲಿಗೆ ಸುಲಭಕ್ಕೆ ಹೊರಳುವುದಿಲ್ಲ, ನನಗೂ ಎರಡು ದಿನ ಬೇಕಾಯಿತು. ಸುಮ್ನೆ ಕ್ರಿಸ್ಟೀನ್ ಎನ್ನುತ್ತೇನೆ. ನನ್ನ ಮಗಳ ಓರಗೆಯವಳು. ಏಕವಚನ ಬಂದರೆ ಬೇಸರ ಮಾಡಿಕೊಳ್ಳಬೇಡಿ, ಅದು ಸಲಿಗೆ.

ಮೊದಲು ಒಂದು ವಿಷಯ. ಇದನ್ನು ಮೂರು ನಾಲ್ಕು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ. 400 ಮೀಟರ್ ಓಟ ಎಂದರೆ ಸೋರುವ ಕೊಡ ಹೊತ್ತುಕೊಂಡು ಬಾವಿಯಿಂದ ಮನೆಗೆ ಬರುವುದು. ಎಲ್ಲರ ಕೊಡವೂ ಸೋರುತ್ತದೆ. ಯಾರದ್ದು ಕಡಿಮೆ ಸೋರಿತೋ ಅವರು ಗೆದ್ದರು. ಅಷ್ಟೇ.

ಯಾಕೆ ಸೋರುತ್ತದೆ? ಸ್ನಾಯುವಿನಲ್ಲಿ ದಿಢೀರ್ ಎಂದು ಸಿಗುವ ಶಕ್ತಿ ಕೆಲವೇ ಸೆಕೆಂಡಿಗೆ ಸಾಲುತ್ತದೆ. ಆಮೇಲೆ ಒಳಗಿರುವ ಸಕ್ಕರೆಯನ್ನು ಕರಗಿಸಿಕೊಂಡು ಓಡಬೇಕು. ಆ ರಭಸಕ್ಕೆ ಉಸಿರು ಸಾಲುವುದಿಲ್ಲ, ಸ್ನಾಯುವಿನಲ್ಲಿ ಹುಳಿ ತುಂಬಿಕೊಳ್ಳುತ್ತದೆ. 300 ಮೀಟರ್ ದಾಟುವಷ್ಟರಲ್ಲಿ ತೊಡೆ ಕಲ್ಲು. ಎಂಥ ಓಟಗಾರನೇ ಇರಲಿ, ಕೊನೆಯ ನೂರರಲ್ಲಿ ನಿಧಾನವಾಗುತ್ತಾನೆ. ಟೀವಿಯಲ್ಲಿ ‘ನೋಡಿ, ಹೇಗೆ ವೇಗ ಹೆಚ್ಚಿಸಿಕೊಂಡು ಬಂದರು!’ ಎಂದು ಕೂಗುತ್ತಾರಲ್ಲ, ಅದು ಕಣ್ಣಿನ ಮೋಸ. ಯಾರೂ ವೇಗ ಹೆಚ್ಚಿಸಿಕೊಂಡಿಲ್ಲ. ಪಕ್ಕದವರು ಜಾಸ್ತಿ ನಿಧಾನವಾದರು, ಇವರು ಕಡಿಮೆ.

ನಂಬಿಕೆ ಬರದಿದ್ದರೆ ನಿಮ್ಮ ತಾಲ್ಲೂಕು ಕ್ರೀಡಾಕೂಟಕ್ಕೆ ಹೋಗಿ. ಸೀಟಿ ಊದಿದ್ದೇ ತಡ, ಹುಡುಗರು ಹಗ್ಗ ಬಿಚ್ಚಿದ ಕರುಗಳ ಹಾಗೆ ನುಗ್ಗುತ್ತಾರೆ. ಮೊದಲ ಇನ್ನೂರಕ್ಕೆ ಊರೆಲ್ಲ ಚಪ್ಪಾಳೆ. ಕೊನೆಯ ತಿರುವಿಗೆ ಬಾಯಿ ಬಿಟ್ಟಾಯಿತು, ಭುಜ ಕಿವಿಗೆ ಏರಿತು. ಸುಣ್ಣದ ಗೆರೆಗೆ ಬರುವಾಗ ಓಟ ಹೋಗಿ ನಡಿಗೆ. ಆಮೇಲೆ ಅಪ್ಪ ಬಂದು ಕೇಳುತ್ತಾರೆ, ‘ಸಾರ್, ಇವನಿಗೆ ಸ್ಟ್ಯಾಮಿನಾ ಇಲ್ಲ, ಏನು ತಿನ್ನಿಸಲಿ?’ ಏನೂ ತಿನ್ನಿಸಬೇಡಿ ಸ್ವಾಮಿ. ಮೊದಲ ಇನ್ನೂರರಲ್ಲಿ ಕೊಡ ಕುಲುಕಿಸದೆ ಓಡು ಎಂದು ಹೇಳಿ ಸಾಕು.

ಈಗ ಕ್ರಿಸ್ಟೀನ್. 1984ರ ಮೇ ತಿಂಗಳಲ್ಲಿ ಲಂಡನ್ನಿನ ಪೂರ್ವಕ್ಕಿರುವ ನ್ಯೂಹ್ಯಾಮ್‌ನಲ್ಲಿ ಹುಟ್ಟಿದಳು. ಅಪ್ಪ ಅಮ್ಮ ನೈಜೀರಿಯಾ ಮೂಲದವರು. ಮೊದಲು ಆಡಿದ್ದು ಬ್ಯಾಸ್ಕೆಟ್‌ಬಾಲ್ ಥರದ ನೆಟ್‌ಬಾಲ್, ಇಂಗ್ಲೆಂಡಿನ ಕಿರಿಯರ ತಂಡದಲ್ಲೇ ಇದ್ದಳು. ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಭಾಷಾವಿಜ್ಞಾನ ಓದಿದಳು. ಆಟಕ್ಕೆ ಕಳಿಸಿದರೆ ಓದು ಕೆಡುತ್ತದೆ ಎನ್ನುವ ತಾಯಂದಿರೇ, ಇದೊಂದು ಸಾಲು ಕಿವಿಗೆ ಹಾಕಿಕೊಳ್ಳಿ. ಕೋಚ್ ಲಾಯ್ಡ್ ಕೋವನ್, ತಾವೂ ಹಿಂದೆ ಹರ್ಡಲ್ಸ್ ಓಡಿದವರು. 2006ರಲ್ಲಿ ಮೆಲ್ಬರ್ನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಈ ಹುಡುಗಿ ಆಗಿನ ಒಲಿಂಪಿಕ್ ಚಾಂಪಿಯನ್ ಟೋನಿಕ್ ವಿಲಿಯಮ್ಸ್ ಡಾರ್ಲಿಂಗ್ ಅವರನ್ನೇ ಹಿಂದೆ ಹಾಕಿದಳು.

ಅದೇ ವರ್ಷ ಪೆಟ್ಟು ಬಿತ್ತು. ದೊಡ್ಡ ಓಟಗಾರರು ತಾವು ಯಾವ ಹೊತ್ತಿಗೆ ಎಲ್ಲಿರುತ್ತೇವೆ ಎಂದು ಮೊದಲೇ ಬರೆದು ಕೊಡಬೇಕು. ಉದ್ದೀಪನ ಮದ್ದಿನ ಪರೀಕ್ಷೆ ಮಾಡುವವರು ಹೇಳದೆ ಕೇಳದೆ ಅಲ್ಲಿಗೆ ಬರುತ್ತಾರೆ. ಕ್ರಿಸ್ಟೀನ್ ಮೂರು ಸಲ ಹೇಳಿದ ಜಾಗದಲ್ಲಿ ಇರಲಿಲ್ಲ. ಒಂದು ವರ್ಷ ನಿಷೇಧ. ಮದ್ದು ತೆಗೆದುಕೊಂಡಳು ಎಂದಲ್ಲ, ಹೇಳಿದ ಕಡೆ ಸಿಗಲಿಲ್ಲ ಎಂದು. ಮರೆವು ದುಬಾರಿ. ಬ್ರಿಟನ್ನಿನ ಒಲಿಂಪಿಕ್ ಸಂಸ್ಥೆಯ ಆಗಿನ ನಿಯಮದ ಪ್ರಕಾರ ಇನ್ನು ಜೀವಮಾನದಲ್ಲಿ ಒಲಿಂಪಿಕ್ಸ್ ಕೂಡ ಇಲ್ಲ. ಮೇಲ್ಮನವಿ ಹಾಕಿ 2007ರ ಕೊನೆಗೆ ಅದನ್ನು ಗೆದ್ದಳು.

ಆದರೆ ಅದಕ್ಕೂ ಮೊದಲೇ ಒಂದು ತಮಾಷೆ ನಡೆದಿತ್ತು. ನಿಷೇಧ ಮುಗಿದದ್ದು 2007ರ ಆಗಸ್ಟ್ ಮೊದಲ ವಾರ. ಅದೇ ತಿಂಗಳ ಕೊನೆಯಲ್ಲಿ ಜಪಾನಿನ ಒಸಾಕಾದಲ್ಲಿ ವಿಶ್ವ ಚಾಂಪಿಯನ್‌ಷಿಪ್. ನಿಷೇಧದ ವರ್ಷವಿಡೀ ಒಂದು ಸ್ಪರ್ಧೆ ಕಾಣದವಳು ಹೋಗಿ 49.61 ಸೆಕೆಂಡಿನಲ್ಲಿ ಚಿನ್ನ ಗೆದ್ದುಬಂದಳು. ಎರಡನೆಯವರು ಕೂಡ ಬ್ರಿಟನ್ನಿನವರೇ, ನಿಕೋಲಾ ಸ್ಯಾಂಡರ್ಸ್, 49.65.

ಮರುವರ್ಷ ಬೀಜಿಂಗ್ ಒಲಿಂಪಿಕ್ಸ್. ಕೊನೆಯ ನೂರಕ್ಕೆ ತಿರುಗಿದಾಗ ಅಮೆರಿಕದ ಸಾನ್ಯಾ ರಿಚರ್ಡ್ಸ್ ಮುಂದೆ. ಎಲ್ಲರ ಕಣ್ಣೂ ಅವರ ಮೇಲೆ. ಅವರ ಕೊಡ ಖಾಲಿಯಾಗುತ್ತಾ ಬಂತು. ಕ್ರಿಸ್ಟೀನ್ ಕೊಡದಲ್ಲಿ ಇನ್ನೂ ನೀರಿತ್ತು. 49.62, ಚಿನ್ನ. ಒಲಿಂಪಿಕ್ಸ್‌ನ 400 ಮೀಟರ್ ಗೆದ್ದ ಬ್ರಿಟನ್ನಿನ ಮೊದಲ ಮಹಿಳೆ ಈಕೆ. ಸಾನ್ಯಾ ಮೂರನೆಯವರಾದರು. 2012ರಲ್ಲಿ ಲಂಡನ್ನಿನಲ್ಲಿ ಅವರೇ ಚಿನ್ನ ಗೆದ್ದು ಬಡ್ಡಿ ಸಮೇತ ತೀರಿಸಿಕೊಂಡರು. ಕ್ರಿಸ್ಟೀನ್ ಬೆಳೆದ ಬೀದಿಗಳ ಪಕ್ಕದಲ್ಲೇ ಕಟ್ಟಿದ ಕ್ರೀಡಾಂಗಣ ಅದು. ತವರಿನಲ್ಲಿ ಬೆಳ್ಳಿ. ಕೆಟ್ಟದ್ದೇನಲ್ಲ, ಆದರೂ ತವರಿನಲ್ಲಿ ಬೆಳ್ಳಿ ಎಂದರೆ ಒಂದು ಥರಾ, ಅಲ್ವಾ?

ಈಗ ಬರುತ್ತೇನೆ ನನ್ನ ಓಟಕ್ಕೆ. ಮಾಸ್ಕೋ, 2013ರ ಆಗಸ್ಟ್ 12, ವಿಶ್ವ ಚಾಂಪಿಯನ್‌ಷಿಪ್ ಫೈನಲ್. ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ್ದರು. ಟೀವಿಯ ಸದ್ದು ಕಮ್ಮಿ ಮಾಡಿಕೊಂಡು ಒಬ್ಬನೇ ಕೂತಿದ್ದೆ. ಎದುರಾಳಿ ಬೋಟ್ಸ್‌ವಾನಾದ ಅಮಾಂಟ್ಲೆ ಮೊಂಟ್ಶೊ. ಹಿಂದಿನ ಸಲದ ವಿಶ್ವ ಚಾಂಪಿಯನ್, ಗಟ್ಟಿ ಓಟಗಾರ್ತಿ.

ಕೊನೆಯ ನೂರಕ್ಕೆ ಬಂದಾಗ ಮೊಂಟ್ಶೊ ಸಾಕಷ್ಟು ಮುಂದಿದ್ದರು. ಮುಗಿಯಿತು ಎಂದುಕೊಂಡೆ. ಐವತ್ತು ಮೀಟರ್ ಉಳಿದಿದೆ, ಇನ್ನೂ ಮುಂದೆ. ಆದರೆ ನಾನು ಮೊಂಟ್ಶೊ ಕಾಲು ನೋಡುತ್ತಿರಲಿಲ್ಲ, ಭುಜ ನೋಡುತ್ತಿದ್ದೆ. ಬಿಗಿಯುತ್ತಿತ್ತು. ಕೊಡ ಸೋರುತ್ತಿದೆ! ಈ ಕಡೆ ಕ್ರಿಸ್ಟೀನ್ ಭುಜ ಸಡಿಲ, ಕೈ ಬೀಸು ಶುರುವಿನಲ್ಲಿದ್ದ ಹಾಗೇ ಇದೆ. ಒಂದೊಂದು ಹೆಜ್ಜೆಗೂ ಅಂಗೈ ಅಗಲ, ಅಂಗೈ ಅಗಲ ಹತ್ತಿರ ಬರುತ್ತಿದ್ದಾಳೆ. ಗೆರೆ ಬಂದೇಬಿಟ್ಟಿತು. ಮೊಂಟ್ಶೊ ನೆಟ್ಟಗೆ ಓಡಿ ಗೆರೆ ದಾಟಿದರು. ಕ್ರಿಸ್ಟೀನ್ ಎದೆಯನ್ನು ಮುಂದಕ್ಕೆ ಎಸೆದಳು.

ಕುರ್ಚಿಯಲ್ಲಿ ಕೂತಿದ್ದ ನಾನೂ ಎದೆ ಎಸೆದೆ. ಮುಂದಿದ್ದ ನೀರಿನ ಲೋಟ ಠಣ್ ಎಂದು ಬಿತ್ತು. ನಮ್ಮ ಮನೆಯವಳು ಎದ್ದು ಬಂದು, ‘ಏನ್ರೀ ಅದು?’ ಎಂದಳು. ಇರೇ, ಇನ್ನೂ ಗೊತ್ತಾಗಿಲ್ಲ ಎಂದೆ. ಅಲ್ಲಿ ಮಾಸ್ಕೋದಲ್ಲೂ ಯಾರಿಗೂ ಗೊತ್ತಾಗಿರಲಿಲ್ಲ. ಓಡಿದ ಇಬ್ಬರೂ ಫಲಕದ ಕಡೆ ಮುಖ ಮಾಡಿ ಕಾಯುತ್ತಿದ್ದರು.

ಬಂತು. ಇಬ್ಬರದ್ದೂ 49.41. ಸಮ. ಆಗ ಇನ್ನೂ ಸಣ್ಣದಾಗಿ ಸೀಳಿ ನೋಡುತ್ತಾರೆ. ಗೆರೆಯ ನೇರಕ್ಕೆ ಒಂದು ಕ್ಯಾಮೆರಾ ಇರುತ್ತದೆ, ಅದು ಗೆರೆಯೊಂದನ್ನು ಬಿಟ್ಟು ಬೇರೇನೂ ನೋಡುವುದಿಲ್ಲ. ಸೆಕೆಂಡಿಗೆ ಸಾವಿರಾರು ಎಳೆ ಚಿತ್ರ ತೆಗೆದು ಪಕ್ಕ ಪಕ್ಕ ಜೋಡಿಸುತ್ತದೆ. ತಲೆ ಲೆಕ್ಕಕ್ಕಿಲ್ಲ, ಕೈ ಲೆಕ್ಕಕ್ಕಿಲ್ಲ, ಕಾಲೂ ಲೆಕ್ಕಕ್ಕಿಲ್ಲ. ಮುಂಡ ಮುಟ್ಟಬೇಕು. ದಯವಿಟ್ಟು ಮಕ್ಕಳಿಗೆ ಇದನ್ನು ಹೇಳಿಕೊಡಿ. ಕೈ ಚಾಚಿಕೊಂಡು ಗೆರೆ ಮುಟ್ಟುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಇದು ಕಬಡ್ಡಿ ಅಲ್ಲ.

ಕ್ರಿಸ್ಟೀನ್ 49.404. ಮೊಂಟ್ಶೊ 49.408. ಒಂದು ಸೆಕೆಂಡನ್ನು 1000 ಹೋಳು ಮಾಡಿದರೆ ಅದರಲ್ಲಿ 4 ಹೋಳು. ಅವರ ಓಟದ ವೇಗಕ್ಕೆ ಹಾಕಿ ನೋಡಿದರೆ ಸುಮಾರು 3 ಸೆಂಟಿಮೀಟರ್, ಎರಡು ಬೆರಳ ಅಗಲ. 400 ಮೀಟರ್ ಓಡಿ ಎರಡು ಬೆರಳಲ್ಲಿ ಗೆದ್ದಳು! ಮನೆಯವಳಿಗೂ ಹಾಗೇ ಬೆರಳು ತೋರಿಸಿದೆ. ‘ಇಷ್ಟಕ್ಕೆ ಲೋಟ ಬೀಳಿಸಿದ್ರಾ, ಒರೆಸಿ ಮಲಗಿ’ ಎಂದಳು.

ಅದೃಷ್ಟ ಎಂದು ಕೆಲವರು ಹೇಳುತ್ತಾರೆ. ಅದೃಷ್ಟವಲ್ಲ. ಎದೆ ಎಸೆಯಲು ಶಕ್ತಿ ಬೇಡ, ಎಚ್ಚರ ಬೇಕು. ತೊಡೆ ಕಲ್ಲಾದಾಗ, ಕಣ್ಣು ಕತ್ತಲಿಟ್ಟಾಗ ಆ ಎಚ್ಚರ ಇರಬೇಕಾದರೆ ಕೊಡದಲ್ಲಿ ಒಂದು ಬೊಗಸೆಯಾದರೂ ಉಳಿದಿರಬೇಕು. ನಾನು ಹೇಳಿದೆನಲ್ಲ.

ಆ 49.41ರ ಹಿಂದೆ ಇನ್ನೊಂದು ಕಥೆಯಿದೆ. ಬ್ರಿಟನ್ನಿನ ದಾಖಲೆ ಅಲ್ಲಿಯವರೆಗೆ 49.43 ಇತ್ತು. ಕ್ಯಾಥಿ ಕುಕ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಾಗ ಬರೆದದ್ದು. ನಮ್ಮ ಪಿ.ಟಿ. ಉಷಾ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಕಂಚು ತಪ್ಪಿಸಿಕೊಂಡರಲ್ಲ, ಅದೇ ಕೂಟ. ಅವತ್ತು ಕ್ರಿಸ್ಟೀನ್ ಮೂರು ತಿಂಗಳೂ ತುಂಬದ ಕೂಸು. ಆ ದಾಖಲೆ 29 ವರ್ಷ ಅಲುಗಾಡಲಿಲ್ಲ. ಕೂಸೇ ಬೆಳೆದು ಬಂದು ಮುರಿಯಬೇಕಾಯಿತು.

ಮಾಸ್ಕೋದಲ್ಲೇ ಹೊತ್ತು ಹೋಯಿತು. ಉಳಿದದ್ದನ್ನು ಓಡಿಸಿಬಿಡುತ್ತೇನೆ, ನನ್ನ ಹುಡುಗರು ಓಡುವ ಹಾಗೆಯೇ. 2016ರಲ್ಲಿ ರಿಯೊ ಒಲಿಂಪಿಕ್ಸ್‌ನ ರಿಲೇಯಲ್ಲಿ ಕಂಚು. ಬೀಜಿಂಗ್ ರಿಲೇಯ ಕಂಚು ಎಷ್ಟೋ ವರ್ಷ ತಡವಾಗಿ ಸಿಕ್ಕಿತು. ಅವತ್ತು ಮುಂದೆ ಬಂದಿದ್ದ ರಷ್ಯಾ ಮತ್ತು ಬೆಲಾರುಸ್ ತಂಡಗಳು ಮದ್ದಿನ ತಪ್ಪಿಗೆ ಹೊರಬಿದ್ದವು. 2018ರಲ್ಲಿ ಓಟ ನಿಲ್ಲಿಸಿದಳು. ಮತ್ತೆ ಪುಸ್ತಕ ಹಿಡಿದು ಕಾನೂನೂ ಓದಿದಳು. 2021ರಲ್ಲಿ ಕೋಚ್ ಲಾಯ್ಡ್ ಕೋವನ್ ತೀರಿಕೊಂಡರು.

ದಾಖಲೆ? ಅದೂ ಹೋಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಂಬರ್ ಆನಿಂಗ್ 49.29 ಓಡಿದರು. ಕ್ರಿಸ್ಟೀನ್‌ಗೆ ಚಿನ್ನ ತಂದ ಎಲ್ಲ ಓಟಕ್ಕಿಂತ ಬಿರುಸು. ಪ್ಯಾರಿಸ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಐದನೇ ಸ್ಥಾನ. ಪಾಪ. ಮರುದಿನ ಅದೇ ಅಂಬರ್ ರಿಲೇಯಲ್ಲಿ ಕಂಚು ಗೆದ್ದರು. ಆ ತಂಡಕ್ಕೆ ಮೊದಲ ಸುತ್ತು ಓಡಿದ್ದು ವಿಕ್ಟೋರಿಯಾ ಒಹುರೂಗು, ನಮ್ಮ ಕ್ರಿಸ್ಟೀನಳ ತಂಗಿ. ನಮಸ್ಕಾರ.